ಹೊಲದ ಮಣ್ಣೂ ಅದರ ಕಾಣದ ಒಕ್ಕಲೂ

ಮಣ್ಣನ್ನು ಜಡವಸ್ತುವೆಂದು ಎಣಿಸುವುದು ನಮ್ಮಲ್ಲಿ ರೂಢಿ. ‘ಮಣ್ಣುಪಾಲಾಯಿತು’ ಎಂದರೆ ನಾಶವಾಯಿತೆಂದೇ ಅರ್ಥ. ವಿಜ್ಞಾನವು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಳ್ಳೆಯ ಸಾಗುವಳಿಯ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ, ಎಂದರೆ ಒಂದು ಚಿಟಿಕೆಯಲ್ಲಿ, ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. 2011ನೆಯ ಇಸವಿಯ ಜನಗಣತಿಯಂತೆ ನಾವಿರುವ ಈ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ. ಒಂದು ಚಿಟಿಕೆ ಮಣ್ಣಿನೊಳಗೆ ಕಡಿಮೆಯೆಂದರೂ ಇದರ ಎಂಟು ಪಟ್ಟು ಒಕ್ಕಲು ಇದೆಯೆಂದಾಯಿತು.

ಈ ಒಕ್ಕಲು ಸುಮ್ಮನೆ ಕುಳಿತು ಉಣ್ಣುವುದಲ್ಲ. ಉದುರಿದ ಎಲೆ, ಕೂಳೆ, ಸೆಗಣಿ, ಸತ್ತ ಹುಳು ಇವೆಲ್ಲವನ್ನೂ ಕೊಳೆಯಿಸಿ ಮತ್ತೆ ಬೆಳೆಗೆ ಊಟವಾಗಿ ಮಾಡಿಕೊಡುವುದು ಅದರ ಕೆಲಸ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ತೊಗರಿ, ಕಡಲೆ, ಶೇಂಗಾ ಬೇರುಗಳ ಗಂಟಿನಲ್ಲಿ ಕೂಡಿಡುವ ಒಂದು ಪಂಗಡವಿದೆ. ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಇನ್ನೊಂದು ಪಂಗಡವಿದೆ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯು ಬಹುಮಟ್ಟಿಗೆ ಮತ್ತೊಂದು ಪಂಗಡದ ಸೃಷ್ಟಿ. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ವಾಸನೆಯು ಏನೆಂಬುದನ್ನು ಹೇಳಬೇಕಾಗಿಲ್ಲ.

ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನಮಗೆ ಇವುಗಳನ್ನು ಏಕಾಣುಜೀವಿಗಳೆಂದು ಕರೆಯುವ ಅಭ್ಯಾಸ. ಆದರೆ ಬ್ಯಾಕ್ಟೀರಿಯಾ ಎಂಬ ಶಬ್ದವು ಈಗ ಎಲ್ಲರ ಬಾಯಲ್ಲಿ ಬಳಕೆಯಾಗಿರುವುದರಿಂದ ಅದನ್ನೇ ಇಲ್ಲಿ ಇಟ್ಟುಕೊಂಡಿದ್ದೇವೆ. ಯಾವ ಹೊಲದಲ್ಲಿ ಯಾವ ಬ್ಯಾಕ್ಟೀರಿಯಾ ನೆಲಸಬೇಕು, ಎಷ್ಟು ಬಗೆಯವು ಕೂಡಿ ಬಾಳಬೇಕು, ಯಾವುದು ಒಕ್ಕಲೆಬ್ಬಿಸಿಕೊಂಡು ಹೋಗಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಮಣ್ಣಿನ ರಸಾಯನವೇ ಮುಖ್ಯ ನಿರ್ಣಾಯಕವೆಂದೂ, ಆ ರಸಾಯನವನ್ನು ತನಗೆ ತಿಳಿಯದೆಯೇ ಬದಲಿಸುತ್ತಿರುವವನು ರೈತನೆಂದೂ ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ಮನೆತನಗಳಿಗೆ ಊರಲ್ಲಿ ಇನ್ನೂ ಎರಡು ಎಕರೆಯೋ ನಾಲ್ಕು ಎಕರೆಯೋ ಭೂಮಿ ಇದೆ. ದೊಡ್ಡಪ್ಪನೋ ಚಿಕ್ಕಪ್ಪನೋ ಅದನ್ನು ಸಾಗುಮಾಡುತ್ತಿರುತ್ತಾರೆ. ಇಲ್ಲಿಂದ ಹೋಗುವ ಮನಿಯಾರ್ಡರಿನ ಕಾಲ ಮುಗಿದು ಈಗ ಹಣವು ಮೊಬೈಲಿನಲ್ಲಿ ಹೋಗುತ್ತಿದ್ದರೂ, ಅದರಲ್ಲಿ ಒಂದು ಪಾಲು ಗೊಬ್ಬರದ ಅಂಗಡಿಯನ್ನೇ ಸೇರುತ್ತದೆ. ಆದುದರಿಂದ ಇದು ನಮಗೆ ಹೊರಗಿನ ವಿಷಯವಲ್ಲ.

ಮಣ್ಣಿನಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳು ಜೀವಿಗಳಿಂದ ಆಗತಕ್ಕವು ಎಂಬುದು ಮೊದಲು ಸಿದ್ಧವಾದದ್ದು 1877ನೆಯ ಇಸವಿಯಲ್ಲಿ. ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬಿಬ್ಬರು ಮರಳು ಮತ್ತು ಸುಣ್ಣಗಲ್ಲು ತುಂಬಿದ ಕೊಳವೆಯಲ್ಲಿ ಗಟಾರದ ನೀರನ್ನು ಇಳಿಬಿಟ್ಟರು. ಕೆಲವು ವಾರಗಳಲ್ಲಿ ಅಮೋನಿಯವು ನೈಟ್ರೇಟಾಗಿ ಹೊರಬರತೊಡಗಿತು. ಕೊಳವೆಯೊಳಗೆ ಕ್ಲೋರೋಫಾರ್ಮಿನ ಆವಿಯನ್ನು ಬಿಟ್ಟೊಡನೆ ಆ ಕ್ರಿಯೆ ನಿಂತುಹೋಯಿತು. ಕೇವಲ ರಸಾಯನಕ್ರಿಯೆಯಾಗಿದ್ದರೆ ಕ್ಲೋರೋಫಾರ್ಮಿಗೆ ಅದು ಅಂಜಬೇಕಾಗಿರಲಿಲ್ಲ. ಜೀವಿಗಳ ಕೆಲಸವಾದುದರಿಂದಲೇ ಅಂಜಿತು. ಮುಂದೆ 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿಯು ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದನು. ಅಲ್ಲಿಂದ ಮುಂದೆ ಬಹುಕಾಲ ಮಣ್ಣಿನ ಜೀವಿಗಳನ್ನು ತಟ್ಟೆಯಲ್ಲಿ ಆಹಾರವಿಟ್ಟು ಬೆಳೆಸಿ ಎಣಿಸುವುದೊಂದೇ ದಾರಿಯಾಗಿತ್ತು. ತಟ್ಟೆಯ ಊಟ ಒಗ್ಗದವುಗಳು ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ನೂರರಲ್ಲಿ ಒಂದು ಬೆಳೆದರೆ ಹೆಚ್ಚು. ಈಗ ಮಣ್ಣಿನಿಂದ ನೇರವಾಗಿ ಡಿ.ಎನ್.ಎ. ತೆಗೆದು, ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರುವ ಒಂದು ಜೀನಿನ ಅಕ್ಷರಗಳನ್ನು ಓದಿ, ಯಾವ ಯಾವ ಕುಲದವು ಎಷ್ಟೆಷ್ಟು ಇವೆಯೆಂದು ಹೇಳುತ್ತಾರೆ. ಮನೆಮನೆಯ ಬಾಗಿಲು ತಟ್ಟದೆ ಪಡಿತರ ಚೀಟಿಗಳಿಂದ ಊರಿನ ಲೆಕ್ಕ ತೆಗೆದಂತೆ ಎನ್ನಬಹುದು.

ಮಣ್ಣಿನ ವಿಷಯದಲ್ಲಿ ಜಗತ್ತಿಗೇ ಪಾಠಶಾಲೆಯಂತಿರುವ ಸ್ಥಳವೊಂದಿದೆ. ಇಂಗ್ಲೆಂಡಿನ ಹಾರ್ಪೆಂಡನ್ ಎಂಬ ಊರಿನ ಬಳಿಯ ರಾಥಮ್‌ಸ್ಟೆಡ್ ಕೃಷಿಕ್ಷೇತ್ರವೇ ಅದು. ಜಾನ್ ಲಾಸ್ ಎಂಬ ಜಮೀನುದಾರನೂ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನ ಶಾಸ್ತ್ರಜ್ಞನೂ 1843ರಲ್ಲಿ ಅಲ್ಲಿ ಪ್ರಾರಂಭಿಸಿದ ಗೋದಿಯ ಪ್ರಯೋಗವು ಇಂದಿಗೂ ನಡೆದುಬರುತ್ತಿದೆ. ಅಜ್ಜ ಬಿತ್ತಿದ್ದನ್ನು ಮೊಮ್ಮಗ ಅಳೆಯುವಂಥ ಇಂಥ ತಾಳ್ಮೆ ನಮ್ಮನ್ನು ಬೆರಗುಗೊಳಿಸುತ್ತದೆ. ಆ ಕ್ಷೇತ್ರದ ಮೇಲ್ಮಣ್ಣು ಸ್ವಭಾವತಃ ಆಮ್ಲಗುಣದ ಕಡೆಗೆ ವಾಲತಕ್ಕದ್ದು. ಆದರೆ ಅದರ ಕೆಳಗೆ ಸೀಮೆಸುಣ್ಣದ ಕಲ್ಲಿನ ಪದರವಿದೆ. ಹಿಂದಿನ ಕಾಲದ ರೈತರು ಗುಂಡಿ ತೋಡಿ ಆ ಕಲ್ಲನ್ನು ಮೇಲೆತ್ತಿ ಹೊಲದಲ್ಲಿ ಚೆಲ್ಲುತ್ತಿದ್ದರು. ಹೂಸ್‌ಫೀಲ್ಡ್ ಎಂಬ ಹೊಲದ ಒಂದು ಪಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸುಣ್ಣಗಲ್ಲನ್ನು ಸಮನಾಗಿ ಚೆಲ್ಲಲಿಲ್ಲ. ಒಂದು ತುದಿಯಲ್ಲಿ ಹೇರಳವಾಗಿ ಬಿತ್ತು, ಇನ್ನೊಂದು ತುದಿಯ ಕಡೆಗೆ ಕಡಿಮೆಯಾಗುತ್ತ ಹೋಯಿತು. ಅಂದಿನ ಆ ಅಸಮಾನತೆಯೇ ಇಂದು ವಿಜ್ಞಾನಕ್ಕೆ ನಿಧಿಯಾಗಿದೆ. ಏಕೆಂದರೆ ಮಣ್ಣು ಒಂದೇ, ಮಳೆ ಒಂದೇ, ಬಿಸಿಲು ಒಂದೇ; ಸುಮಾರು ಇನ್ನೂರು ಮೀಟರ್ ನಡೆಯುವುದರೊಳಗೆ ಬದಲಾಗುವುದು ಆಮ್ಲತೆಯೊಂದೇ.

ಆಮ್ಲತೆಯನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎಂದು ಹೆಸರು. 1909ರಲ್ಲಿ ಸೋರೆನ್‌ಸೆನ್ ಎಂಬ ಡೆನ್ಮಾರ್ಕಿನ ವಿಜ್ಞಾನಿಯು ಇದನ್ನು ಬಳಕೆಗೆ ತಂದನು. 7 ಎಂದರೆ ಸಮಸ್ಥಿತಿ. ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ವಿದ್ಯಾರ್ಥಿಗಳು ಮರೆಯಬಾರದ ಸಂಗತಿಯೆಂದರೆ, ಇದರಲ್ಲಿ ಒಂದು ಅಂಕ ಇಳಿದರೆ ಆಮ್ಲತೆಯು ಹತ್ತು ಪಟ್ಟು ಏರುತ್ತದೆ. ಎರಡು ಅಂಕ ಇಳಿದರೆ ನೂರು ಪಟ್ಟು. ಹೂಸ್‌ಫೀಲ್ಡ್ ಪಟ್ಟಿಯ ಒಂದು ತುದಿಯಲ್ಲಿ ಪಿ.ಎಚ್. 8ಕ್ಕಿಂತ ಹೆಚ್ಚು, ಇನ್ನೊಂದು ತುದಿಯಲ್ಲಿ 4ಕ್ಕಿಂತ ಕಡಿಮೆ. ಹತ್ತು ಸಾವಿರ ಪಟ್ಟಿಗಿಂತಲೂ ಅಧಿಕವಾದ ಅಂತರವನ್ನು ಎರಡು ಮೂರು ನಿಮಿಷದ ನಡಿಗೆಯಲ್ಲಿ ದಾಟಬಹುದು!

2009 ಮತ್ತು 2010ರಲ್ಲಿ ಯೋಹಾನೆಸ್ ರೌಸ್ಕ್ ಮತ್ತು ಅವರ ಸಂಗಡಿಗರು ಈ ಪಟ್ಟಿಯ ಮಣ್ಣನ್ನು ಪರೀಕ್ಷಿಸಿದ ಫಲಿತಾಂಶಗಳು ಪ್ರಕಟವಾದುವು. ಪಿ.ಎಚ್. 4ರಿಂದ 8ರ ಕಡೆಗೆ ಸಾಗಿದಂತೆ ಬ್ಯಾಕ್ಟೀರಿಯಾಗಳ ವೈವಿಧ್ಯವು ಹತ್ತಿರ ಹತ್ತಿರ ಇಮ್ಮಡಿಯಾಯಿತು. ಬೂಷ್ಟಿನ ವರ್ಗಕ್ಕೆ ಸೇರಿದ ಜೀವಿಗಳ ವೈವಿಧ್ಯದ ಮೇಲೆ ಮಾತ್ರ ಅಂಥ ಬಲವಾದ ಪ್ರಭಾವ ಕಾಣಲಿಲ್ಲ. ಬೆಳವಣಿಗೆಯ ವೇಗವನ್ನು ಅಳೆದಾಗ ಇನ್ನೂ ಸ್ವಾರಸ್ಯವಾದ ಸಂಗತಿ ಹೊರಬಿತ್ತು. ಪಿ.ಎಚ್. 8.3ರಿಂದ 4.5ಕ್ಕೆ ಇಳಿಯುವಷ್ಟರಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ಐದರಲ್ಲೊಂದು ಪಾಲಿಗೆ ಕುಗ್ಗಿತು. ಬೂಷ್ಟಿನ ಬೆಳವಣಿಗೆ ಐದು ಪಟ್ಟು ಹೆಚ್ಚಿತು. ಇಷ್ಟಾದರೂ ಮಣ್ಣಿನ ಒಟ್ಟು ಉಸಿರಾಟವು ಇಳಿದದ್ದು ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಎಂದರೆ ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಂಡರು. 4.5ರ ಕೆಳಗೆ ಮಾತ್ರ ಇಬ್ಬರೂ ಸೋತರು. ಗಿರಣಿಯಲ್ಲಿ ಒಂದು ಪಾಳಿಯವರು ಬಾರದಿದ್ದರೆ ಇನ್ನೊಂದು ಪಾಳಿಯವರು ಮಗ್ಗ ನಡೆಸುವುದನ್ನು ಈ ಊರಿನ ಹಿರಿಯರು ಬಲ್ಲರು. ಮಣ್ಣಿನಲ್ಲಿಯೂ ಅದೇ ನ್ಯಾಯ. ಹೊರಗಿನಿಂದ ನೋಡುವವನಿಗೆ ಗಿರಣಿ ನಡೆಯುತ್ತಲೇ ಇರುತ್ತದೆ, ಒಳಗಿನ ಕೆಲಸಗಾರರು ಮಾತ್ರ ಬೇರೆಯಾಗಿರುತ್ತಾರೆ.

ಇದು ಇಂಗ್ಲೆಂಡಿನ ಒಂದು ಹೊಲದ ವಿಚಿತ್ರವೇ, ಇಲ್ಲವೆ ಎಲ್ಲೆಡೆಯ ನಿಯಮವೇ? ಉತ್ತರ ಮತ್ತು ದಕ್ಷಿಣ ಅಮೆರಿಕಗಳ 98 ಮಣ್ಣುಗಳನ್ನು ಹೋಲಿಸಿ ಫಿಯರರ್ ಮತ್ತು ಜಾಕ್ಸನ್ ಎಂಬವರು 2006ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಗಿಡ, ಹಕ್ಕಿ, ಚಿಟ್ಟೆಗಳ ವೈವಿಧ್ಯವು ಬಿಸಿಲಿನ ನಾಡುಗಳಲ್ಲಿ ಹೆಚ್ಚೆಂಬುದು ಸರ್ವವಿದಿತ. ಬ್ಯಾಕ್ಟೀರಿಯಾಗಳಿಗೆ ಈ ಲೆಕ್ಕ ಹಿಡಿಯಲಿಲ್ಲ. ಶಾಖವಾಗಲಿ ಅಕ್ಷಾಂಶವಾಗಲಿ ಹೇಳಲಾರದ್ದನ್ನು ಪಿ.ಎಚ್. ಹೇಳಿತು. ಸಮಸ್ಥಿತಿಯ ಮಣ್ಣಿನಲ್ಲಿ ವೈವಿಧ್ಯ ಅತ್ಯಧಿಕ. ಆಮ್ಲದ ಮಣ್ಣಿನಲ್ಲಿ ಕಡಿಮೆ. ಅವರು ಪರೀಕ್ಷಿಸಿದವುಗಳಲ್ಲಿ ಅತ್ಯಂತ ಆಮ್ಲವೂ ಅತ್ಯಂತ ಕಡಿಮೆ ವೈವಿಧ್ಯದ್ದೂ ಆದದ್ದು ಪೆರು ದೇಶದ ಅಮೆಜಾನ್ ಕಾಡಿನ ಮಣ್ಣು. ನೆಲದ ಮೇಲೆ ಲೋಕಪ್ರಸಿದ್ಧವಾದ ವನಸಂಪತ್ತು, ನೆಲದ ಒಳಗೆ ಈ ಸ್ಥಿತಿ!

ಪಿ.ಎಚ್.ಗೆ ಇಷ್ಟು ಅಧಿಕಾರ ಹೇಗೆ ಬಂದಿತು? ಬ್ಯಾಕ್ಟೀರಿಯಾ ಎಂಬುದು ಒಂದೇ ಕೋಶದ ಜೀವಿ. ಅದರ ಮನೆಗೆ ಒಂದೇ ಗೋಡೆ. ಹೊರಗೆ ಆಮ್ಲವು ಎಷ್ಟೇ ಇದ್ದರೂ ಒಳಗೆ ಸಮಸ್ಥಿತಿಗೆ ಹತ್ತಿರವಾಗಿಯೇ ಇಟ್ಟುಕೊಳ್ಳಬೇಕಾದುದು ಬಹುತೇಕ ಬ್ಯಾಕ್ಟೀರಿಯಾಗಳ ಜೀವಧರ್ಮ. ನುಗ್ಗಿ ಬರುವ ಜಲಜನಕದ ಅಯಾನುಗಳನ್ನು ಸದಾ ಹೊರದೂಡುತ್ತಿರಬೇಕು. ಮಳೆಗಾಲದಲ್ಲಿ ತಗ್ಗಿನ ಚಾಳಿನ ಮನೆಯೊಳಗೆ ಬಂದ ನೀರನ್ನು ಹೊರಗೆ ಚೆಲ್ಲುತ್ತಲೇ ಇರುವ ಗೃಹಿಣಿಗೆ ಅಡಿಗೆಗೆ ಸಮಯವೆಲ್ಲಿ? ಹಾಗೆಯೇ ಈ ಕೋಶದ ಶಕ್ತಿಯೆಲ್ಲ ಅದಕ್ಕೇ ವೆಚ್ಚವಾಗುತ್ತದೆ. ಇದರ ಜೊತೆಗೆ, ಪಿ.ಎಚ್. ಸುಮಾರು 5.5ರ ಕೆಳಗಿಳಿದರೆ ಜೇಡಿಯಲ್ಲಿ ಬಂಧಿತವಾಗಿದ್ದ ಅಲ್ಯುಮಿನಿಯಂ ಕರಗಿ ಹೊರಬರತೊಡಗುತ್ತದೆ. ಅದು ಬೆಳೆಯ ಬೇರಿಗೂ ಅನೇಕ ಸೂಕ್ಷ್ಮಜೀವಿಗಳಿಗೂ ವಿಷ. ರಂಜಕವು ಕಬ್ಬಿಣ ಮತ್ತು ಅಲ್ಯುಮಿನಿಯಂಗಳಿಗೆ ಅಂಟಿಕೊಂಡು ಯಾರಿಗೂ ದಕ್ಕದಂತಾಗುತ್ತದೆ. ಕ್ಷಾರವು ಅತಿಯಾದರೆ ಸತು, ಕಬ್ಬಿಣಗಳು ದುರ್ಲಭವಾಗುತ್ತವೆ. ಆಮ್ಲದಲ್ಲಿಯೇ ಹಾಯಾಗಿರುವ ಕೆಲವು ಕುಲಗಳು ಇಲ್ಲದೆ ಇಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಬಳಿಯ ಆಮ್ಲದ ಹೊಲವೊಂದರಿಂದ 2011ರಲ್ಲಿ ಬೇರ್ಪಡಿಸಿದ ಒಂದು ಜೀವಿಯು ಪಿ.ಎಚ್. 4ರಿಂದ 5.5ರವರೆಗೆ ಮಾತ್ರ ಬೆಳೆದು ಅಮೋನಿಯವನ್ನು ಮಾರ್ಪಡಿಸುತ್ತದೆ. ಅದು ಬ್ಯಾಕ್ಟೀರಿಯಾದಂತೆ ಕಂಡರೂ ಆರ್ಕಿಯಾ ಎಂಬ ಬೇರೆ ವಂಶದ್ದು.

ಇನ್ನು ರೈತನ ಪಾತ್ರಕ್ಕೆ ಬರೋಣ. ಅಮೋನಿಯಂ ಸಲ್ಫೇಟನ್ನೋ ಯೂರಿಯವನ್ನೋ ಹೊಲಕ್ಕೆ ಹಾಕಿದಾಗ, ನೈಟ್ರೇಟು ಮಾಡುವ ಜೀವಿಗಳು ಅದನ್ನು ಉಂಡು ಮಾರ್ಪಡಿಸುತ್ತವೆ. ಅಮೋನಿಯಂ ಅಯಾನು ಒಂದೊಂದೂ ನೈಟ್ರೇಟಾಗುವಾಗ ಜಲಜನಕದ ಎರಡೆರಡು ಅಯಾನುಗಳು ಹೊರಬೀಳುತ್ತವೆ. ಯೂರಿಯವು ಮೊದಲು ಅಮೋನಿಯವಾಗುವಾಗ ಅಷ್ಟಿಷ್ಟು ಆಮ್ಲವನ್ನು ನುಂಗಿಕೊಳ್ಳುವುದರಿಂದ, ಅದೇ ಪ್ರಮಾಣದ ಸಾರಜನಕಕ್ಕೆ ಅದು ಉಳಿಸಿಹೋಗುವ ಆಮ್ಲ ಅಮೋನಿಯಂ ಸಲ್ಫೇಟಿನ ಅರ್ಧದಷ್ಟು. ಬೆಳೆಯು ನೈಟ್ರೇಟನ್ನು ಹೀರಿಕೊಂಡರೆ ಈ ಆಮ್ಲ ಬಹುಪಾಲು ಸರಿಹೋಗುತ್ತದೆ. ಬೆಳೆಗೆ ಮೀರಿ ಹಾಕಿದ ನೈಟ್ರೇಟು ಮಳೆಯ ನೀರಿನೊಡನೆ ಸುಣ್ಣದ ಅಂಶವನ್ನು ಎಳೆದುಕೊಂಡು ಪಾತಾಳಕ್ಕೆ ಇಳಿದರೆ ಆಮ್ಲ ಮಾತ್ರ ಹೊಲದಲ್ಲಿ ಉಳಿಯುತ್ತದೆ. ಹೀಗೆ ಬ್ಯಾಕ್ಟೀರಿಯಾಗಳು ತಮ್ಮ ಊಟದಿಂದಲೇ ತಮ್ಮ ಮನೆಯನ್ನು ಹುಳಿ ಮಾಡಿಕೊಳ್ಳುತ್ತವೆ.

ಇಂಗ್ಲೆಂಡಿನ ವೊಬರ್ನ್ ಎಂಬಲ್ಲಿ 1876ರಲ್ಲಿ ಮರಳುಮಿಶ್ರಿತ ಭೂಮಿಯಲ್ಲಿ ಪ್ರಯೋಗಗಳು ಆರಂಭವಾದುವು. ವರ್ಷವರ್ಷವೂ ಅಮೋನಿಯಂ ಲವಣಗಳನ್ನೇ ಪಡೆದ ಮಡಿಗಳಲ್ಲಿ ಇಪ್ಪತ್ತು ವರ್ಷಗಳೊಳಗೆ ಜವೆಯ ಬೆಳೆ ಕೈಕೊಟ್ಟಿತು. 1897ರಿಂದ ಅಲ್ಲಿ ಸುಣ್ಣ ಹಾಕಿ ನೋಡಿದ ಮೇಲೆ ಬೆಳೆ ಚೇತರಿಸಿಕೊಂಡಿತು. ರಾಥಮ್‌ಸ್ಟೆಡ್‌ನ ಹುಲ್ಲುಗಾವಲಿನ ಪ್ರಯೋಗವು 1856ರದ್ದು. ಅದರಲ್ಲಿ ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನು ಮಾತ್ರ ಕಂಡ ಮಡಿಗಳ ಪಿ.ಎಚ್. 4ರ ಕೆಳಗಿಳಿದು, ಹಲವಾರು ಜಾತಿಯ ಹುಲ್ಲುಹೂಗಳು ಇದ್ದೆಡೆಯಲ್ಲಿ ಎರಡು ಮೂರು ಜಾತಿ ಮಾತ್ರ ಉಳಿದಿವೆ. ಅದಕ್ಕಿಂತ ಗಮನಿಸತಕ್ಕದ್ದು ನೆಲದ ಮೇಲಿನ ಹಾಸು. ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ಪದರಗಟ್ಟಿ ಕುಳಿತಿದೆ. ಎರೆಹುಳು ಇಲ್ಲ, ಕೊಳೆಯಿಸುವ ಬ್ಯಾಕ್ಟೀರಿಯಾಗಳು ಸೊರಗಿವೆ. ಗೊಬ್ಬರ ಹಾಕಿ ಹಾಕಿ ಕೊನೆಗೆ ಕಸ ಗೊಬ್ಬರವಾಗುವುದೇ ನಿಂತುಹೋಯಿತು.

ಸಾಗುವಳಿಯ ನೆನಪು ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆಂಬುದಕ್ಕೆ ಅಲ್ಲಿಯೇ ಮತ್ತೊಂದು ನಿದರ್ಶನವಿದೆ. 1880ರ ದಶಕದಲ್ಲಿ ಬ್ರಾಡ್‌ಬಾಕ್ ಮತ್ತು ಗೀಸ್‌ಕ್ರಾಫ್ಟ್ ಎಂಬ ಎರಡು ಹೊಲಗಳ ತುಂಡುಗಳನ್ನು ಉಳದೆ ಬೀಳುಬಿಟ್ಟರು. ಎರಡೂ ಈಗ ದಟ್ಟವಾದ ಕಾಡು. ಹಿಂದೆ ಸುಣ್ಣಗಲ್ಲು ಹೇರಳವಾಗಿ ಬಿದ್ದಿದ್ದ ಬ್ರಾಡ್‌ಬಾಕ್ ತುಂಡು ಇಂದಿಗೂ ಕ್ಷಾರವಾಗಿಯೇ ಇದೆ. ಗೀಸ್‌ಕ್ರಾಫ್ಟಿನ ಮಣ್ಣು ಸುಮಾರು 7ರಿಂದ 4.4ಕ್ಕೆ ಇಳಿದಿದೆ. ಬಂಡಿಯಲ್ಲಿ ಸುಣ್ಣಗಲ್ಲು ಹೊತ್ತು ತಂದ ಆ ಅನಾಮಧೇಯ ಕೂಲಿಗಳು ತೀರಿಕೊಂಡು ನೂರಾರು ವರ್ಷಗಳಾದರೂ, ಆ ಕಾಡಿನ ಅಡಿಯಲ್ಲಿ ಯಾರು ನೆಲಸಬೇಕೆಂಬುದನ್ನು ಅವರೇ ನಿರ್ಧರಿಸುತ್ತಿದ್ದಾರೆ.

ಕೊಟ್ಟಿಗೆ ಗೊಬ್ಬರದ ವಿಷಯವನ್ನು ನಮ್ಮ ರೈತರಿಗೆ ಹೇಳುವುದು ಹೆಜ್ಜೇನಿಗೆ ಹೂವು ತೋರಿಸಿದಂತೆ. ಒಂದೆರಡು ಮಾತು ಸಾಕು. ಬ್ರಾಡ್‌ಬಾಕ್ ಗೋದಿಹೊಲದಲ್ಲಿ 1843ರಿಂದ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 35 ಟನ್ ಗೊಬ್ಬರ ಪಡೆದ ಮಡಿಯಲ್ಲಿ ಇಂಗಾಲದ ಅಂಶವು ಗೊಬ್ಬರವಿಲ್ಲದ ಮಡಿಯ ಎರಡು ಪಟ್ಟಿಗೂ ಮೀರಿದೆ. ಇಂಗಾಲವೇ ಬ್ಯಾಕ್ಟೀರಿಯಾಗಳ ಅನ್ನ. ಅನ್ನವಿದ್ದಲ್ಲಿ ಸಂಸಾರ ಬೆಳೆಯುತ್ತದೆ. ಇನ್ನೊಂದು ಹೊಲವನ್ನು 1959ರಿಂದ ಒಂದು ಗರಿಕೆಯೂ ಹುಟ್ಟದಂತೆ ಉಳುತ್ತ ಬರಿದಾಗಿ ಇಟ್ಟಿದ್ದಾರೆ. ಐವತ್ತು ವರ್ಷಗಳ ಉಪವಾಸದ ತರುವಾಯ 2009ರಲ್ಲಿ ವರದಿಯಾದ ಪರೀಕ್ಷೆಯಂತೆ, ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕುಗ್ಗಿದ್ದರೂ ವೈವಿಧ್ಯ ಕುಗ್ಗಿರಲಿಲ್ಲ. ಹಸಿವು ಸಂಖ್ಯೆಯನ್ನು ಕಡಿಮೆಮಾಡುತ್ತದೆ. ಹುಳಿ ಕುಲಗಳನ್ನೇ ಓಡಿಸುತ್ತದೆ. ಈ ಭೇದವನ್ನು ತಿಳಿಯದೆ ‘ಮಣ್ಣು ಸತ್ತಿತು’ ಎಂದು ಒಂದೇ ಮಾತಿನಲ್ಲಿ ಹೇಳುವವರ ಭಾಷಣಗಳು ನಮಗೆ ರುಚಿಸುವುದಿಲ್ಲ.

ನಮ್ಮ ನಾಡಿನ ಮಣ್ಣುಗಳಾದರೋ ಒಂದೇ ಬಗೆಯವಲ್ಲ. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಸುಣ್ಣಕಲ್ಲಿನ ಹರಳುಗಳು ಸಹಜವಾಗಿಯೇ ಬೆರೆತಿರುತ್ತವೆ. ಶಾಲೆಯ ಪ್ರಯೋಗಶಾಲೆಯಲ್ಲಿರುವ ನೀರುಬೆರಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿಯನ್ನು ಅಂಥ ಮಣ್ಣಿನ ಮೇಲೆ ಬಿಟ್ಟರೆ ಇಂಗಾಲಾಮ್ಲ ವಾಯು ಹೊರಟು ನೊರೆ ಏಳುತ್ತದೆ. ಆ ಸುಣ್ಣ ಇರುವವರೆಗೆ ಯೂರಿಯದ ಆಮ್ಲವು ಅಲ್ಲಿ ತಲೆಯೆತ್ತದು. ಅಲ್ಲಿಯ ಭಯವೇ ಬೇರೆ: ಕಾಲುವೆಯ ನೀರು ಬಂದ ಕಡೆ ಹದತಪ್ಪಿ ಹಾಯಿಸಿದ ನೀರಿನಿಂದ ಉಪ್ಪು ಮೇಲೆದ್ದು ಭೂಮಿ ಸವಳಾಗುವುದು. ಉಪ್ಪು ಹೆಚ್ಚಿದ ನೆಲದಲ್ಲಿ ನೀರಿದ್ದೂ ಬ್ಯಾಕ್ಟೀರಿಯಾಗಳು ಬಾಯಾರಿ ಸಾಯುತ್ತವೆ. ದಕ್ಷಿಣ ಕನ್ನಡ, ಉಡುಪಿಗಳ ಮುರಕಲ್ಲು ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸಾವಿರಾರು ವರ್ಷಗಳ ಮಳೆಯೇ ಸುಣ್ಣವನ್ನು ತೊಳೆದುಕೊಂಡು ಹೋಗಿದೆ. ಮಣ್ಣು ಮೊದಲೇ ಹುಳಿ. ಇವೆರಡರ ನಡುವಿನದು ಬೆಂಗಳೂರು, ಕೋಲಾರ, ತುಮಕೂರುಗಳ ಕೆಂಪುಮಣ್ಣು. ಜೇಡಿ ಕಡಿಮೆ, ಸುಣ್ಣ ಕಡಿಮೆ. ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1986ರಿಂದ ರಾಗಿ-ಮುಸುಕಿನ ಜೋಳದ ದೀರ್ಘಕಾಲದ ಗೊಬ್ಬರ ಪ್ರಯೋಗ ನಡೆದುಬಂದಿದೆ. ಸಾರಜನಕವೊಂದನ್ನೇ ಉಂಡ ಮಡಿಗಳು ಅಲ್ಲಿಯೂ ಹುಳಿಯಾಗಿ ಇಳುವರಿ ಕಳೆದುಕೊಂಡುವು. ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ ಕೂಡಿದ ಮಡಿಗಳು ಬಾಳಿದುವು. ವೊಬರ್ನಿನ ಕಥೆ ರಾಗಿಯ ಹೊಲದಲ್ಲಿ ಮರುಕಳಿಸಿದಂತಾಯಿತು.

ಸರಕಾರದ ರಿಯಾಯಿತಿಯಿಂದಾಗಿ ಗೊಬ್ಬರಗಳಲ್ಲೆಲ್ಲ ಯೂರಿಯವೇ ಅಗ್ಗ. ಹಾಕಿದ ವಾರದಲ್ಲಿ ಪೈರು ಹಸಿರಾಗುವುದು ಕಣ್ಣಿಗೆ ಕಾಣುತ್ತದೆ, ಪಿ.ಎಚ್. ಇಳಿಯುವುದು ಕಾಣುವುದಿಲ್ಲ. ಹೀಗಿರುವಾಗ ದೊಡ್ಡಪ್ಪನನ್ನು ದೂರುವುದು ನ್ಯಾಯವಲ್ಲ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಇದರ ಮರ್ಮವೂ ಬ್ಯಾಕ್ಟೀರಿಯಾಗಳಲ್ಲಿಯೇ ಇದೆ. ನೈಟ್ರೇಟು ಮಾಡುವ ಪಂಗಡಕ್ಕೆ ಬೇವು ಕಹಿ. ಅವು ನಿಧಾನವಾಗಿ ಕೆಲಸ ಮಾಡುವುದರಿಂದ ಸಾರಜನಕ ಸೋರಿಹೋಗದೆ ಬೆಳೆಗೆ ಒದಗುತ್ತದೆ.

ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಹಚ್ಚುವ ರೈಜೋಬಿಯಂ ಪೊಟ್ಟಣ, ಸೆಗಣಿ ಗಂಜಲ ಬೆಲ್ಲಗಳ ಜೀವಾಮೃತ ಮುಂತಾದವುಗಳಿಂದ ಹೊಸ ಬ್ಯಾಕ್ಟೀರಿಯಾಗಳನ್ನು ಹೊಲಕ್ಕೆ ತರುವ ಯತ್ನಗಳನ್ನು ಇಂದು ಎಲ್ಲೆಡೆ ಕೇಳುತ್ತೇವೆ. ರೈಜೋಬಿಯಂ ತಕ್ಕ ಹೊಲದಲ್ಲಿ ನಿಜವಾಗಿಯೂ ಫಲ ಕೊಡುತ್ತದೆ. ಆದರೆ ಆಮ್ಲದ ಮಣ್ಣಿನಲ್ಲಿ ಅದು ಬೇರು ಸೇರುವ ಮೊದಲೇ ಸಾಯುವ ಸಂಭವವಿರುವುದರಿಂದ, ಬೀಜಕ್ಕೆ ನುಣ್ಣನೆಯ ಸುಣ್ಣಕಲ್ಲಿನ ಪುಡಿಯನ್ನೂ ಲೇಪಿಸುವ ಪದ್ಧತಿಯಿದೆ. ಮನೆ ವಾಸಯೋಗ್ಯವಲ್ಲದಿದ್ದರೆ ಎಷ್ಟು ಜನ ನೆಂಟರನ್ನು ಕರೆತಂದರೂ ಅವರು ನಿಲ್ಲುವುದಿಲ್ಲ. ಪೊಟ್ಟಣ ಕೊಳ್ಳುವ ಮೊದಲು ಮಣ್ಣಿನ ಪಿ.ಎಚ್. ತಿಳಿಯುವುದು ಲೇಸೆಂದು ನಮ್ಮ ಅಭಿಪ್ರಾಯ.

ಅದಕ್ಕೆ ವೆಚ್ಚವೇನೂ ಹೆಚ್ಚಿಲ್ಲ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳ ಪರೀಕ್ಷೆಯ ಫಲವನ್ನು ಬರೆದಿರುತ್ತಾರೆ, ಪಿ.ಎಚ್., ಲವಣಾಂಶ, ಸಾವಯವ ಇಂಗಾಲ ಇವು ಮೂರೂ ಅದರಲ್ಲಿವೆ. ಅನೇಕ ಮನೆಗಳಲ್ಲಿ ಆ ಚೀಟಿಯು ಪಹಣಿ ಪತ್ರಗಳ ನಡುವೆ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಮೇ ತಿಂಗಳ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಅದನ್ನು ಹೊರತೆಗೆದು ಹಿರಿಯರಿಗೆ ಓದಿ ಹೇಳಬಹುದು. ಚೀಟಿ ಇಲ್ಲದಿದ್ದರೆ ಮಣ್ಣಿನ ಮಾದರಿಯನ್ನು ತೆಗೆಯುವ ಕ್ರಮ ಹೀಗೆ: ಬಿತ್ತನೆಗೂ ಗೊಬ್ಬರ ಹಾಕುವುದಕ್ಕೂ ಮೊದಲು, ಬದು, ಮರದ ನೆರಳು, ತಿಪ್ಪೆಯ ಜಾಗಗಳನ್ನು ಬಿಟ್ಟು, ಹೊಲದ ಎಂಟು ಹತ್ತು ಕಡೆ ಒಂದು ಗೇಣಿಗಿಂತ ತುಸು ಕಡಿಮೆ, ಎಂದರೆ 15 ಸೆಂಟಿಮೀಟರ್ ಆಳಕ್ಕೆ ಇಳಿಜಾರು ಗುಂಡಿ ತೋಡಬೇಕು. ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಸಮನಾಗಿ ಮಣ್ಣು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬಟ್ಟೆಯ ಮೇಲೆ ಬೆರಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತೆಗೆದುಹಾಕುತ್ತ ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರ ತುಂಬಿದ್ದ ಚೀಲವನ್ನು ಮಾತ್ರ ಇದಕ್ಕೆ ಬಳಸಕೂಡದು. ಶುದ್ಧವಾದ ಬಟ್ಟೆಯ ಚೀಲದಲ್ಲಿ ತುಂಬಿ, ಯಜಮಾನನ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡತಕ್ಕದ್ದು. ಸುಣ್ಣ ಬೇಕಾದರೆ ಎಷ್ಟೆಂಬುದನ್ನು ಪರೀಕ್ಷೆಯವರೇ ತಿಳಿಸಬೇಕು, ಒಂದೇ ಪಿ.ಎಚ್. ಇದ್ದರೂ ಜೇಡಿಮಣ್ಣಿಗೆ ಹೆಚ್ಚು, ಮರಳುಮಣ್ಣಿಗೆ ಕಡಿಮೆ ಹಿಡಿಯುತ್ತದೆ. ಸವಳು ಕ್ಷಾರಭೂಮಿಗೆ ಸುಣ್ಣವಲ್ಲ, ಜಿಪ್ಸಂ.